ಹೆಪ್ಪಿನ ಸದ್ದು

ನಮ್ಮ ಭಾಷೆಯಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಮಾತು. ಎರಡೂ ಹೆಪ್ಪುಗಟ್ಟುತ್ತವೆ. ಈ ಮಾತನ್ನು ಮೊದಲು ಆಡಿದವಳು ಅಡುಗೆಮನೆಯಲ್ಲಿದ್ದ ಹೆಂಗಸೇ ಇರಬೇಕೆಂದು ನನಗೆ ಬಲವಾದ ಗುಮಾನಿ. ಹಾಲು ಯಾವಾಗ ಮೊಸರಾಯಿತು ಎಂಬುದನ್ನು ದಿನವೂ ಕಾಯುವವರು ನಾವೇ ತಾನೆ? ಕಲಬುರಗಿಯ ಬೇಸಿಗೆಯಲ್ಲಿ ಹೆಪ್ಪು ಹಾಕಿ ಮಧ್ಯಾಹ್ನ ಒಂದು ನಿದ್ದೆ ತೆಗೆದು ಏಳುವುದರೊಳಗೆ ಮೊಸರು ಗಟ್ಟಿಯಾಗಿ, ಸ್ವಲ್ಪ ಹುಳಿಯೂ ಆಗಿರುತ್ತದೆ. ಅದೇ ಎಳ್ಳಮಾಸಿಯ ಚಳಿಯಲ್ಲಿ ಡಬರಿಗೆ ಹಳೆಯ ಕಂಬಳಿ ಸುತ್ತಿ ಒಲೆಯ ಬದಿಗಿಟ್ಟರೂ ಬೆಳಗಿನವರೆಗೆ ನಂಬಿಕೆ ಇಲ್ಲ. ಆಗಿದೆಯೋ ಇಲ್ಲವೋ ನೋಡುವುದು ಹೇಗೆ? ಪಾತ್ರೆಯನ್ನು ಮೆಲ್ಲಗೆ ವಾಲಿಸುತ್ತೇವೆ. ಅಂಚಿನಲ್ಲಿ ನೀರಾಡಿದರೆ ಇನ್ನೂ ಹೊತ್ತು ಬೇಕು. ಹೆಚ್ಚು ವಾಲಿಸಿದರೆ ಕಟ್ಟುತ್ತಿದ್ದದ್ದೂ ಒಡೆಯುತ್ತದೆ, ಅತ್ತೆಯ ಬಾಯಿಯೂ ತೆರೆಯುತ್ತದೆ.

ದೊಡ್ಡ ದೊಡ್ಡ ವೈದ್ಯರು ರಕ್ತದ ವಿಷಯದಲ್ಲಿ ಒಂದು ಶತಮಾನ ಮಾಡಿದ್ದೂ ಇದನ್ನೇ ಎಂದು ತಿಳಿದಾಗ ನನಗೆ ಅಷ್ಟಿಷ್ಟಲ್ಲ ಸಂತೋಷವಾಯಿತು.

ಆಪರೇಷನ್ ಮಾಡಿಸಿಕೊಂಡವರಿಗೆಲ್ಲ 'ಬಿ.ಟಿ., ಸಿ.ಟಿ.' ಎಂಬ ಚೀಟಿ ನೆನಪಿರಬಹುದು. ರಕ್ತ ಒಸರುವುದು ನಿಲ್ಲಲು ಎಷ್ಟು ಹೊತ್ತು, ಹೆಪ್ಪುಗಟ್ಟಲು ಎಷ್ಟು ಹೊತ್ತು ಎಂಬ ಎರಡು ಲೆಕ್ಕ. ಮೊದಲನೆಯದನ್ನು 1910ರಲ್ಲಿ ಅಮೆರಿಕದ ಡ್ಯೂಕ್ ಎಂಬ ವೈದ್ಯ ಹೇಳಿಕೊಟ್ಟ. ಕಿವಿಯ ಹಾಲೆಗೆ ಸಣ್ಣದಾಗಿ ಚುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ಒತ್ತುಕಾಗದ ತಾಗಿಸಿ, ಕಲೆ ಬೀಳುವುದು ಯಾವಾಗ ನಿಂತಿತೆಂದು ನೋಡುವುದು. ಎರಡನೆಯದು 1913ರಲ್ಲಿ ಬಾಸ್ಟನ್ನಿನ ಲೀ ಮತ್ತು ವೈಟ್ ಎಂಬಿಬ್ಬರದು. ಗಾಜಿನ ನಳಿಕೆಯಲ್ಲಿ ರಕ್ತ ಹಾಕಿ, ಆಗಾಗ ವಾಲಿಸಿ, ಅದು ಹರಿಯುವುದನ್ನು ಬಿಟ್ಟ ಗಳಿಗೆಯನ್ನು ಗಡಿಯಾರದಲ್ಲಿ ಓದುವುದು. ರಕ್ತದ ಕೆಂಪು ಕಣಗಳು ಹೆಪ್ಪುಗಟ್ಟುವುದಿಲ್ಲ, ಅವು ತೇಲುವ ತಿಳಿಯಲ್ಲಿರುವ ವಸ್ತುವೇ ಗಟ್ಟಿಯಾಗುತ್ತದೆ ಎಂಬುದನ್ನು ಅದಕ್ಕೂ ನೂರನಲವತ್ತು ವರ್ಷ ಮೊದಲೇ ಲಂಡನ್ನಿನ ವಿಲಿಯಂ ಹ್ಯೂಸನ್ ತೋರಿಸಿದ್ದ. ಆ ವಸ್ತು ನೂಲುನೂಲಾಗಿ ಬಲೆ ಹೆಣೆಯುತ್ತದೆ, ಕಣಗಳು ಅದರಲ್ಲಿ ಸಿಕ್ಕಿಬೀಳುತ್ತವೆ.

ಗಾಜಿನ ನಳಿಕೆಯ ಮಾತು ಬಂತಲ್ಲ, ಅದರದೊಂದು ಕಥೆ ಇದೆ. ರಕ್ತಕ್ಕೆ ಗಾಜು ತಾಗಿದರೆ ಅದು ಹೆಪ್ಪಿನ ಕೆಲಸವನ್ನು ಆರಂಭಿಸುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹಾಗಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರನಿದ್ದ. ಆಪರೇಷನ್ನಿಗೆ ಮುಂಚೆ ಅವನ ರಕ್ತವನ್ನು ಗಾಜಿನಲ್ಲಿ ಹಾಕಿದರೆ ಎಷ್ಟು ಹೊತ್ತಾದರೂ ಕಟ್ಟಲಿಲ್ಲ. ಆದರೆ ಮನುಷ್ಯ ಜನ್ಮದಲ್ಲಿ ಅತಿಯಾಗಿ ರಕ್ತ ಸುರಿಸಿದವನಲ್ಲ! 1955ರಲ್ಲಿ ರಾಟ್‌ನಾಫ್ ಎಂಬ ವೈದ್ಯರು ಅವನ ರಕ್ತದಲ್ಲಿ ಒಂದು ಅಂಶ ಕಡಿಮೆಯಿದೆಯೆಂದು ತೋರಿಸಿ ಅದಕ್ಕೆ ಅವನ ಹೆಸರನ್ನೇ ಇಟ್ಟರು. ಗಾಜನ್ನು ಗುರುತಿಸುವ ಅಂಶ ಅದು. 1968ರಲ್ಲಿ ಆತ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ. ಕೊನೆಗೆ ತೀರಿಕೊಂಡದ್ದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ರಕ್ತದ ಹೆಪ್ಪಿನಿಂದ. ನಳಿಕೆಯಲ್ಲಿ ಕಟ್ಟದ ರಕ್ತ ದೇಹದೊಳಗೆ ಕಟ್ಟಿತು.

ಈ ಗಾಜಿನ ಗುಣವೇ ನಮ್ಮ ತೊಗರಿ ಹೊಲಗಳಿಗೆ ಇಂದಿಗೂ ಉಪಕಾರ ಮಾಡುತ್ತಿದೆ. ಕೊಳಕುಮಂಡಲ, ಗರಗಸಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆಗ ದವಾಖಾನೆಯಲ್ಲಿ ಮಾಡುವ ಪರೀಕ್ಷೆ ಹೀಗೆ: ಹೊಸದಾದ, ಸ್ವಚ್ಛವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ. ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದೇ ಒಂದು ಸಲ ವಾಲಿಸಬೇಕು. ಹರಿದರೆ ವಿಷ ಏರಿದೆ, ಪ್ರತಿವಿಷ ಬೇಕು. ಡೇವಿಡ್ ವಾರೆಲ್ ಮತ್ತು ಸಂಗಡಿಗರು 1977ರಲ್ಲಿ ನೈಜೀರಿಯಾದಿಂದ ವರದಿ ಮಾಡಿದ ಈ ವಿಧಾನಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ. ಆದರೆ ಸಾಬೂನಿನಿಂದ ತೊಳೆದ ನಳಿಕೆಯಾದರೆ ಕೆಟ್ಟಿತು, ಪ್ಲಾಸ್ಟಿಕ್ ಆದರೂ ಕೆಟ್ಟಿತು, ಉತ್ತರ ಸುಳ್ಳಾಗುತ್ತದೆ. ಬಸಿ ತೊಳೆಯುವುದರಲ್ಲಿ ಶಿಸ್ತು ಬೇಕೆಂದು ನಮ್ಮವ್ವ ಹೇಳುತ್ತಿದ್ದಳು; ಇಲ್ಲಿ ತೊಳೆಯದಿರುವುದೇ ಶಿಸ್ತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ತಡವಾಯಿತು ಎಂದೇ ನನ್ನ ಅಭಿಪ್ರಾಯ. ತೊಗರಿ ಕೊಯ್ಯುವ, ಕಳೆ ಕೀಳುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು.

ಇರಲಿ. ಹಾವು ಒಮ್ಮೆ ಕಚ್ಚುವುದು. ಜನ್ಮವಿಡೀ, ತಿಂಗಳಿಗೊಮ್ಮೆ, ತನ್ನ ರಕ್ತ ಎಷ್ಟು ಹೊತ್ತಿಗೆ ಕಟ್ಟುತ್ತದೆಂದು ಕೇಳಿಕೊಂಡೇ ಬದುಕಬೇಕಾದವರ ಕಥೆ ಬೇರೆ. ಅಂಥವಳೊಬ್ಬಳು ನನ್ನ ಸೋದರತ್ತೆಯ ಮಗಳು. ಊರು ಕಮಲಾಪುರ, ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅವಳನ್ನು ನಾನು ಅಕ್ಕ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅಕ್ಕನಿಗೆ ಎಳೆಯ ವಯಸ್ಸಿನಲ್ಲಿ ಗಂಟಲು ನೋವು, ಆಮೇಲೆ ಕೀಲುಗಳ ಊತ. ಹೊಲದಲ್ಲಿ ಕುಣಿದಿದ್ದಕ್ಕೆ ಎಂದರು. ಅದು ಸಂಧಿವಾತದ ಜ್ವರ. ಗಂಟಲಿನ ರೋಗಾಣುವನ್ನು ಹೊಡೆಯಲು ಹೊರಟ ದೇಹ ದಾರಿತಪ್ಪಿ ಹೃದಯದ ಕವಾಟವನ್ನೇ ಗಾಯಗೊಳಿಸುವ ಕಾಯಿಲೆ. ಇಕ್ಕಟ್ಟಾದ ಮನೆಗಳ, ಬಡತನದ ಕಾಯಿಲೆ. ಮಿಟ್ರಲ್ ಕವಾಟ ಬಿಗಿದುಕೊಳ್ಳುವ ತೊಂದರೆಯಂತೂ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಮೂರು ವಾರಕ್ಕೊಂದು ಪೆನಿಸಿಲಿನ್ ಸೂಜಿಯಿಂದ ಮತ್ತೆ ಮತ್ತೆ ಬರುವುದನ್ನು ತಡೆಯಬಹುದು. ಆದರೆ ಅವಳ ಕಾಯಿಲೆಯ ಹೆಸರು ಮನೆಯವರಿಗೆ ತಿಳಿದದ್ದೇ ಮದುವೆಯಾದ ಮೇಲೆ, ಕೊಡ ಹೊತ್ತು ಬರುವಾಗ ಉಸಿರು ನಿಂತು ಅಂಗಳದಲ್ಲಿ ಕುಸಿದಾಗ. 1997ರಲ್ಲಿ ಹೈದರಾಬಾದಿನಲ್ಲಿ ಲೋಹದ ಕವಾಟ ಹಾಕಿದರು. ಅವಳಿಗೆ ಆಗ ಇಪ್ಪತ್ತು ವರ್ಷ.

ಕೃತಕ ಕವಾಟದ ಚರಿತ್ರೆಯೂ ಸಣ್ಣದೇನಲ್ಲ. 1960ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯ ಮತ್ತು ಲೋವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರ್ ಸೇರಿ ಮಾಡಿದ್ದು ಪಂಜರದೊಳಗಿನ ಚೆಂಡು. ಆಮೇಲೆ ವಾಲುವ ಬಿಲ್ಲೆಗಳು, ಎರಡು ರೆಕ್ಕೆಯ ಬಾಗಿಲುಗಳು ಬಂದವು. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ಮೂರು ಮಾದರಿಗಳು ಕೈಕೊಟ್ಟ ಮೇಲೆ ನಾಲ್ಕನೆಯದರಲ್ಲಿ ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿಗೆ ರೋಗಿಗೆ ಅಳವಡಿಸಿದರು. ಲೋಹದ ಚೌಕಟ್ಟಿನಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ, ಹೊರಗಿನದಕ್ಕಿಂತ ಅಗ್ಗ. ಆ ವಲಿಯತ್ತಾನರು ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದರು.

ಇಂಥ ಕವಾಟ ಹೃದಯದ ಪ್ರತಿ ಬಡಿತಕ್ಕೂ ಮುಚ್ಚುವಾಗ ಟಿಕ್ ಎನ್ನುತ್ತದೆ. ಸದ್ದಿಲ್ಲದ ರಾತ್ರಿಯಲ್ಲಿ ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಆಪರೇಷನ್ನಾದ ಹೊಸದರಲ್ಲಿ ಅಕ್ಕ ನಮ್ಮ ಮನೆಯಲ್ಲಿದ್ದಾಗ ನನಗೆ ನಿದ್ದೆ ಬರುತ್ತಿರಲಿಲ್ಲ. 'ನನಗರ ಎಲ್ಲಿ ಬರ್ತದ? ಇದು ನಿಂತ್ರ ನಾ ನಿಂತಂಗ' ಎಂದು ಅವಳು ನಗುತ್ತಿದ್ದಳು. ಅವಳ ಗಂಡ ಒಳ್ಳೆಯ ಮನುಷ್ಯ. 'ಗಡಿಯಾರ ವರದಕ್ಷಿಣೆಯಾಗಿ ಬಂತು, ಆದ್ರ ಎರಡ್ ವರ್ಷ ತಡಾ ಆತು' ಎಂದು ತಮಾಷೆ ಮಾಡಿದ. ಅತ್ತೆಮನೆಯ ಉಳಿದವರು ತಮಾಷೆ ಮಾಡಲಿಲ್ಲ.

ರಕ್ತಕ್ಕೆ ಲೋಹ ಅಪರಿಚಿತ. ಅಪರಿಚಿತವಾದದ್ದರ ಮೇಲೆ ಅದು ಹೆಪ್ಪು ಹೆಣೆಯುತ್ತದೆ. ಬಿಲ್ಲೆ ಅಂಟಿಕೊಂಡರೆ ಪ್ರಾಣಕ್ಕೆ ಕುತ್ತು. ಹೆಪ್ಪು ಕಿತ್ತು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆದ್ದರಿಂದ ರಕ್ತವನ್ನು ಬೇಗ ಕಟ್ಟಗೊಡದ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ವಾರ್ಫರಿನ್, ಇಲ್ಲವೆ ಅದರ ತಂಗಿಯಂಥ ಅಸಿನೋಕೌಮರಾಲ್.

ಈ ಮಾತ್ರೆಯ ತವರು ಹಸುವಿನ ಕೊಟ್ಟಿಗೆ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೇ ರಕ್ತ ಸುರಿದು ಸಾಯತೊಡಗಿದವು. ಬೂಸ್ಟು ಹಿಡಿದ ಸಿಹಿ ಕ್ಲೋವರ್ ಹುಲ್ಲು ತಿಂದದ್ದೇ ಕಾರಣ. 1933ರ ಫೆಬ್ರುವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್ನಿನ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕರುವನ್ನೂ ಹುಲ್ಲನ್ನೂ ಗಾಡಿಗೆ ಹಾಕಿಕೊಂಡು ಸುಮಾರು 300 ಕಿಲೋಮೀಟರ್ ಬಂದು, ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯ ಬಾಗಿಲು ತಟ್ಟಿದ. ಕೈಯಲ್ಲಿ ಹಾಲಿನ ಕ್ಯಾನು. ಅದರ ತುಂಬ ಹೆಪ್ಪುಗಟ್ಟದ ರಕ್ತ. ಹಾಲಿನ ಪಾತ್ರೆಯಲ್ಲಿ ಅಲುಗಾಡುವ ರಕ್ತವನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಲಿಂಕ್ ಮತ್ತು ಅವರ ಶಿಷ್ಯರು ಆರು ವರ್ಷ ದುಡಿದು 1939ರಲ್ಲಿ ಆ ವಿಷವನ್ನು ಬೇರ್ಪಡಿಸಿದರು. ಅದರ ಬಂಧುವಾದ ವಾರ್ಫರಿನ್ 1948ರಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದು ಇಲಿಪಾಷಾಣವಾಗಿ! 1954ರಲ್ಲಿ ಮನುಷ್ಯರಿಗೂ ಒಪ್ಪಿಗೆಯಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಕೊಟ್ಟರು.

ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ನಡುವಿನ ದಾರಿ ತೀರ ಕಿರಿದು. ಆ ದಾರಿಯನ್ನು ಅಳೆಯಲು ಆರ್ಮಂಡ್ ಕ್ವಿಕ್ 1935ರಲ್ಲಿ ಹೊಸ ಪರೀಕ್ಷೆ ಕಂಡುಹಿಡಿದಿದ್ದರು. ರಕ್ತದ ತಿಳಿಗೆ ಮೊಲದ ಮಿದುಳಿನ ಸಾರ ಬೆರೆಸಿದರೆ ಹೆಪ್ಪುಗಟ್ಟುವುದು ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತದೆ. ಆದರೆ ಒಂದು ಕಂಪನಿಯ ಸಾರದಲ್ಲಿ ಬಂದ ಉತ್ತರ ಇನ್ನೊಂದರಲ್ಲಿ ಬರುತ್ತಿರಲಿಲ್ಲ. ನಮ್ಮ ಮನೆಯ ಹೆಪ್ಪಿಗೂ ನಿಮ್ಮ ಮನೆಯ ಹೆಪ್ಪಿಗೂ ವ್ಯತ್ಯಾಸ ಇದ್ದಂತೆ. ಇದನ್ನು ಸರಿದೂಗಿಸಲು ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐ.ಎನ್.ಆರ್. ಎಂಬ ಒಂದೇ ಅಳತೆಯನ್ನು ಜಗತ್ತಿಗೆಲ್ಲ ಒಪ್ಪಿಸಿತು. ಆರೋಗ್ಯವಂತರದು 1. ಅಕ್ಕನಿಗೆ ವೈದ್ಯರು ಹೇಳಿದ್ದು ಎರಡೂವರೆಯಿಂದ ಮೂರೂವರೆ.

ಕಮಲಾಪುರದಲ್ಲಿ ಆಗ ಈ ಪರೀಕ್ಷೆ ಇರಲಿಲ್ಲ. ತೆಗೆದ ರಕ್ತವನ್ನು ಕಟ್ಟದಂತೆ ತಡೆಯುವ ಉಪ್ಪಿನೊಡನೆ ಇಂತಿಷ್ಟೇ ಪ್ರಮಾಣದಲ್ಲಿ ಬೆರೆಸಿ, ಹೊತ್ತು ಮೀರುವ ಮುನ್ನ ಪರೀಕ್ಷಿಸಬೇಕು. ಬಸ್ಸಿನ ಬಿಸಿಲಿನಲ್ಲಿ ರಕ್ತವನ್ನು ಕಳಿಸಿದರೆ ಲೆಕ್ಕ ಕೆಡುತ್ತದೆ. ರಕ್ತ ಪ್ರಯಾಣ ಮಾಡಲಾರದು, ಆದ್ದರಿಂದ ಮನುಷ್ಯಳೇ ಪ್ರಯಾಣ ಮಾಡಬೇಕು. ಬೆಳಗಿನ ಬಸ್ಸಿಗೆ ಬಂದು, ಸೂಪರ್ ಮಾರ್ಕೆಟ್ಟಿನ ಗದ್ದಲ ದಾಟಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ನಮ್ಮ ಮನೆಯಲ್ಲಿ ಉಂಡು, ಸಂಜೆ ನಾಲ್ಕಕ್ಕೆ ಚೀಟಿ ಹಿಡಿದು ವೈದ್ಯರನ್ನು ಕಂಡು, ಕೊನೆಯ ಬಸ್ಸಿಗೆ ಓಡುವುದು. ಒಂದು ದಿನದ ಕೂಲಿ ಹೋಯಿತು, ಟಿಕೇಟಿನ ಹಣ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಒಮ್ಮೆ ಎರಡು ಲ್ಯಾಬುಗಳಲ್ಲಿ ಒಂದೇ ದಿನ ಕೊಟ್ಟ ರಕ್ತಕ್ಕೆ ಒಂದರಲ್ಲಿ 2.1, ಇನ್ನೊಂದರಲ್ಲಿ 3.4 ಬಂತು. ಒಂದು ಪ್ರಕಾರ ಮಾತ್ರೆ ಏರಿಸಬೇಕು, ಇನ್ನೊಂದರ ಪ್ರಕಾರ ಹಾಗೇ ಬಿಡಬೇಕು. ಯಾರನ್ನು ನಂಬುವುದು?

ಅಡುಗೆಯ ಲೆಕ್ಕವೂ ಇದರಲ್ಲಿ ಸೇರಿತ್ತು. ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ನೋಡುತ್ತಿದ್ದ ಡೆನ್ಮಾರ್ಕಿನ ಹೆನ್ರಿಕ್ ಡ್ಯಾಮ್, ರಕ್ತ ಕಟ್ಟಲು ಬೇಕಾದ ಜೀವಸತ್ವವೊಂದಿದೆ ಎಂದು ಕಂಡುಕೊಂಡು ಅದಕ್ಕೆ 'ಕೆ' ಎಂದು ಹೆಸರಿಟ್ಟ. ಹಸಿರು ಸೊಪ್ಪಿನಲ್ಲಿ ಅದು ಹೇರಳ, ವಾರ್ಫರಿನ್ನಿಗೆ ಅದೇ ಎದುರಾಳಿ. ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು ಎನ್ನುತ್ತಾರೆ ವೈದ್ಯರು. ಆದರೆ ನಮ್ಮ ಕಡೆ ಎಳ್ಳಮಾಸಿ ಎಂದರೆ ಭಜ್ಜಿ. ಸಿಕ್ಕ ಸೊಪ್ಪು, ಸಿಕ್ಕ ಕಾಳು ಎಲ್ಲ ಕೂಡಿಸಿ ಕುದಿಸಿ, ಸಜ್ಜಿರೊಟ್ಟಿಯ ಜೊತೆ ಹೊಲದಲ್ಲಿ ಕೂತು ಹೊಟ್ಟೆತುಂಬ ಉಣ್ಣುವುದು. ಉಳಿದದ್ದನ್ನು ಮರುದಿನವೂ ಉಣ್ಣುವುದು. ಹೈದರಾಬಾದಿನ ವೈದ್ಯರು ಕೊಟ್ಟ ಪಥ್ಯದ ಹಾಳೆಯಲ್ಲಿ ಭಜ್ಜಿಯ ಹೆಸರು ಎಲ್ಲಿಂದ ಬರಬೇಕು?

ಇನ್ನೊಂದು ಮಾತನ್ನು ಹೆಂಗಸರ ನಡುವೆ ಆಡಲೇಬೇಕು. ಲೋಹದ ಕವಾಟದವಳು ಬಸಿರಾಗಬಹುದೇ? ವಾರ್ಫರಿನ್ ಮಾಸು ದಾಟಿ ಮಗುವನ್ನು ಮುಟ್ಟುತ್ತದೆ. ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮಗುವಿನ ಮೂಗು, ಮೂಳೆಗಳಿಗೆ ಊನ ತರಬಲ್ಲದು. ಮಾತ್ರೆ ಬಿಟ್ಟರೆ ತಾಯಿಯ ಕವಾಟಕ್ಕೆ ಅಪಾಯ. ಬೇಡ ಎಂದರು ವೈದ್ಯರು. ಬೇಕೇ ಬೇಕು ಎಂದರು ಅತ್ತೆಮನೆಯವರು, ಇಲ್ಲವಾದರೆ ಇನ್ನೊಂದು ಮದುವೆಯ ಮಾತು. ಅಕ್ಕ ಯಾರ ಮಾತನ್ನೂ ಪೂರ್ತಿ ಕೇಳಲಿಲ್ಲ. ಐದು ವರ್ಷ ಕಾದು, ತನಗೆ ಬೇಕೆನಿಸಿದಾಗ, 2002ರಲ್ಲಿ ಬಸಿರಾದಳು. ಆ ಮೊದಲ ವಾರಗಳಲ್ಲಿ ಮಾತ್ರೆಯ ಬದಲು ದಿನಕ್ಕೆರಡು ಹೆಪಾರಿನ್ ಸೂಜಿ. ಅದಕ್ಕೂ ಬೇರೆಯದೊಂದು ಹೆಪ್ಪಿನ ಪರೀಕ್ಷೆ, ಮತ್ತೆ ಮತ್ತೆ. ಅದಕ್ಕಾಗಿ ಅವಳು ಮೂರು ತಿಂಗಳು ಕಮಲಾಪುರ ಬಿಟ್ಟು ನಮ್ಮ ಮನೆಯಲ್ಲಿದ್ದಳು. ಹೆರಿಗೆಗೆ ಮುಂಚೆ ಮತ್ತೆ ಕೆಲವು ವಾರ. ಒಂದು ಹನಿ ರಕ್ತವನ್ನು ಹಾಸಿಗೆಯ ಬದಿಯಲ್ಲೇ ನೋಡುವ ಡಬ್ಬಿಯೊಂದು ಆ ಊರಿನಲ್ಲಿ ಇದ್ದಿದ್ದರೆ ಅವಳು ತನ್ನ ಹಾಸಿಗೆಯಲ್ಲೇ ಇರುತ್ತಿದ್ದಳು. ಹೊಟ್ಟೆಯ ಮೇಲೆಲ್ಲ ಸೂಜಿಯ ನೀಲಿ ಕಲೆಗಳು. ಮಗಳು ಹುಟ್ಟಿದಳು, ಕೈಕಾಲು ಮೂಗು ಎಲ್ಲ ಸರಿಯಾಗಿ. 'ಮಗ ಅಲ್ಲ' ಎಂದು ಒಬ್ಬರು ಗೊಣಗಿದ್ದನ್ನು ನಾನು ಕೇಳಿದ್ದೇನೆ.

ಆ ಮಗು ತಾಯಿಯ ಎದೆಯ ಟಿಕ್‌ಟಿಕ್ ಕೇಳುತ್ತಲೇ ಬೆಳೆಯಿತು. ಎಲ್ಲರ ಅವ್ವಂದಿರಿಗೂ ಗಡಿಯಾರ ಇರುತ್ತದೆಂದೇ ಅದು ನಂಬಿತ್ತು. ನನ್ನ ಎದೆಗೆ ಕಿವಿಯಿಟ್ಟು, 'ಮೌಶಿದು ಬಂದ್ ಆಗ್ಯಾದ' ಎಂದು ಅತ್ತದ್ದುಂಟು.

ಕಿವಿಯಿಂದ ಕಾಯಿಲೆ ಹಿಡಿಯುವುದು ಹಳೆಯ ವಿದ್ಯೆ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಾವು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತೇವಲ್ಲ, ಆಸ್ಟ್ರಿಯಾದ ಆವೆನ್‌ಬ್ರುಗ್ಗರ್ ಮಾಡಿದ್ದೂ ಅದನ್ನೇ. ಅವನ ಅಪ್ಪ ಛತ್ರದ ಯಜಮಾನ. ಪೀಪಾಯಿಯನ್ನು ತಟ್ಟಿ ಮದ್ಯ ಎಲ್ಲಿಯವರೆಗಿದೆ ಎಂದು ಹೇಳುವುದನ್ನು ಕಂಡು ಬೆಳೆದ ಹುಡುಗ ಮುಂದೆ ವೈದ್ಯನಾಗಿ, ಎದೆಯನ್ನು ತಟ್ಟಿ ಒಳಗೆ ನೀರು ತುಂಬಿದೆಯೋ ಎಂದು ತಿಳಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಳೆಯ ಹೆಂಗಸೊಬ್ಬಳ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಆಲಿಸಿದ. ಹಾಗೆ ಸ್ಟೆತಾಸ್ಕೋಪು ಹುಟ್ಟಿತು. ಆ ಹೆಂಗಸಿನ ಹೆಸರನ್ನು ಯಾರೂ ಬರೆದಿಡಲಿಲ್ಲ.

2008ರ ಡಿಸೆಂಬರ್ ಕೊನೆಯಲ್ಲಿ ಎಳ್ಳಮಾಸಿ ಬಂದಿತ್ತು. ಹೊಲದ ಊಟ, ಭಜ್ಜಿ, ಮನೆತುಂಬ ನೆಂಟರು. ಆ ಗದ್ದಲದಲ್ಲಿ ಅಕ್ಕನ ಮಾತ್ರೆ ಮೂರು ದಿನ ತಪ್ಪಿತ್ತು, ಆ ತಿಂಗಳ ಪರೀಕ್ಷೆಯೂ ಮುಂದಕ್ಕೆ ಹೋಗಿತ್ತು. ಹದಿನೈದು ದಿನದ ಮೇಲೆ ಒಂದು ರಾತ್ರಿ ಆರು ವರ್ಷದ ಮಗಳು ತಾಯಿಯನ್ನು ಎಬ್ಬಿಸಿದಳು. 'ಅವ್ವಾ, ನಿನ್ನ ಗಡಿಯಾರ ಯಾಕೋ ಮೆತ್ತಗ ಹೊಡ್ಯಾಕತ್ತದ.' ಅಕ್ಕ ನಿದ್ದೆಗಣ್ಣಿನಲ್ಲಿ ಗದರಿದಳಂತೆ. ಮಗು ಮಲಗಲಿಲ್ಲ. ಗಂಡ ಎದ್ದು ಕಿವಿಗೊಟ್ಟ. ಹೌದು, ಲೋಹದ ಟಿಕ್ ಹೋಗಿ ಬಟ್ಟೆ ಸುತ್ತಿದ ಸದ್ದಿನಂತಾಗಿತ್ತು. ಆಪರೇಷನ್ ಮಾಡಿದ ವೈದ್ಯರು ಹತ್ತು ವರ್ಷ ಮೊದಲು ಹೇಳಿದ್ದ ಒಂದು ಮಾತು ಅವನಿಗೆ ನೆನಪಿತ್ತು: ಸದ್ದು ಬದಲಾದರೆ ಬೆಳಗಾಗುವವರೆಗೆ ಕಾಯಬೇಡಿ. ಯಾರದೋ ಜೀಪು ಹಿಡಿದು ನಸುಕಿನಲ್ಲಿ ಕಲಬುರಗಿಗೆ ತಂದರು. ಹೃದಯದ ಸ್ಕ್ಯಾನಿಂಗಿನಲ್ಲಿ ಬಿಲ್ಲೆ ಅರ್ಧಕ್ಕೇ ಸಿಕ್ಕಿಕೊಂಡದ್ದು ಕಂಡಿತು. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್ ಔಷಧಿಯನ್ನು ಹನಿಹನಿಯಾಗಿ ಕೊಟ್ಟರು. ಮರುದಿನ ಮಧ್ಯಾಹ್ನ ನಾನು ಪಕ್ಕದಲ್ಲಿದ್ದೆ. ಸದ್ದು ಒಮ್ಮೆಲೇ ಬರಲಿಲ್ಲ; ಒಂದು ಬಡಿತಕ್ಕೆ ಬಂದು ಇನ್ನೊಂದಕ್ಕೆ ತಪ್ಪಿ, ಸಂಜೆಯ ಹೊತ್ತಿಗೆ ಮತ್ತೆ ಟಿಕ್, ಟಿಕ್.

ವಿಜ್ಞಾನಿಗಳು ಯಂತ್ರಕ್ಕೆ ಕಲಿಸಲು ಹೊರಟದ್ದು ಇದನ್ನೇ, ಹೆಪ್ಪನ್ನು ಕಿವಿಯಿಂದ ಹಿಡಿಯುವುದನ್ನು. 1880ರಲ್ಲಿ ಪ್ಯಾರಿಸ್ಸಿನಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದರು. ಆ ಪಿಯರ್ ಮುಂದೆ ಮೇರಿ ಕ್ಯೂರಿಯ ಗಂಡ. ತಿರುಗಿಸಿ ಹೇಳಿದರೆ, ವಿದ್ಯುತ್ತು ಕೊಟ್ಟರೆ ಹರಳು ನಡುಗುತ್ತದೆ. ನಿಮ್ಮ ಕೈಗಡಿಯಾರದ ಸ್ಫಟಿಕ ಸೆಕೆಂಡಿಗೆ 32,768 ಸಲ ನಡುಗುತ್ತಾ ಹೊತ್ತು ಹೇಳುತ್ತದೆ. ಪ್ರಯೋಗಶಾಲೆಯ ತೆಳು ಬಿಲ್ಲೆಗಳು ಸೆಕೆಂಡಿಗೆ ಐವತ್ತು ಲಕ್ಷ, ಕೋಟಿ ಸಲ. ಅದರ ಮೇಲೆ ಏನಾದರೂ ಕೂತರೆ ನಡುಕ ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತು ಎಂಬುದರಿಂದ ಕೂತದ್ದರ ತೂಕ ತಿಳಿಯಬಹುದೆಂದು 1959ರಲ್ಲಿ ಜರ್ಮನಿಯ ಸಾವರ್‌ಬ್ರೈ ಲೆಕ್ಕ ಹಾಕಿದ. ದ್ರವಗಳ ಲೆಕ್ಕ 1980ರ ದಶಕದಲ್ಲಿ ಬಂತು. ಬಿಲ್ಲೆಯ ಮೇಲೆ ಒಂದು ಹನಿ ರಕ್ತ ಇಟ್ಟುಕೊಳ್ಳಿ. ರಕ್ತ ನೀರಾಗಿರುವ ತನಕ ಹರಳಿನ ಶ್ರುತಿ ಒಂದೇ ಸಮನೆ. ನೂಲಿನ ಬಲೆ ಹೆಣೆದುಕೊಳ್ಳತೊಡಗಿದಂತೆ ಶ್ರುತಿ ಇಳಿಯುತ್ತದೆ, ನಾದ ಮಂಕಾಗುತ್ತದೆ. ಇಳಿಯಲಾರಂಭಿಸಿದ ಗಳಿಗೆಯೇ ಹೆಪ್ಪುಗಟ್ಟಿದ ಗಳಿಗೆ. ಮನುಷ್ಯರ ಕಿವಿಗೆ ಎಟುಕದ ಸದ್ದು ಅದು. ಬೆಳಕಿನಿಂದ ನೋಡುವ ಕೆಲವು ಯಂತ್ರಗಳಿಗೆ ರಕ್ತವನ್ನು ಗಿರಗಿರ ತಿರುಗಿಸಿ ತಿಳಿಯನ್ನು ಬೇರ್ಪಡಿಸಿ ಕೊಡಬೇಕು. ಇದಕ್ಕೆ ಬೆರಳ ತುದಿಯ ಕೆಂಪು ಹನಿಯೇ ಸಾಕು. ಪಾತ್ರೆಯನ್ನು ವಾಲಿಸಿ ಹೆಪ್ಪು ಒಡೆಯುವ ಭಯವೂ ಇಲ್ಲ.

ಇದಕ್ಕೂ ಮುಂಚೆ, 1975ರಲ್ಲಿ, ಅಮೆರಿಕದಲ್ಲಿ ಫಾನ್ ಕೌಲ್ಲಾ ಮತ್ತು ಸಂಗಡಿಗರು ಸೋನೋಕ್ಲಾಟ್ ಎಂಬ ಯಂತ್ರ ತಂದಿದ್ದರು. ರಕ್ತದೊಳಗೆ ಸಣ್ಣ ಕೊಳವೆಯೊಂದು ಮೇಲೆ ಕೆಳಗೆ ಕಂಪಿಸುತ್ತಾ ಇರುತ್ತದೆ. ರಕ್ತ ಗಟ್ಟಿಯಾದಂತೆ ಕಡಗೋಲಿಗೆ ಬಿಗಿ ಬಂದ ಹಾಗೆ ಅದಕ್ಕೆ ತಡೆ ಹೆಚ್ಚುತ್ತದೆ. ವರ್ಜೀನಿಯಾ ವಿಶ್ವವಿದ್ಯಾಲಯದವರ ಸಂಶೋಧನೆಯಿಂದ ಬಂದ ಇನ್ನೊಂದು ಯಂತ್ರ ಶ್ರವಣಾತೀತ ತರಂಗದಿಂದ ಹೆಪ್ಪನ್ನು ಮೆಲ್ಲಗೆ ತಳ್ಳಿ ಅದು ಹೇಗೆ ಅಲುಗುತ್ತದೆಂದು ನೋಡುತ್ತದೆ. 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಎರಡೂ ದೊಡ್ಡ ಶಸ್ತ್ರಚಿಕಿತ್ಸೆಯ ಕೋಣೆಗಳಿಗೆ ಸೇರಿದವು. ಬೆರಳ ಹನಿಯಿಂದ ಐ.ಎನ್.ಆರ್. ಹೇಳುವ ಕೈಹಿಡಿಯ ಡಬ್ಬಿಗಳು 1980ರ ದಶಕದ ಕೊನೆಯಿಂದಲೇ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಬೆಳಕನ್ನೋ ವಿದ್ಯುತ್ತನ್ನೋ ಬಳಸುತ್ತವೆ. ಸ್ಫಟಿಕದ ಕಿವಿಯವು 1990ರ ದಶಕದಿಂದ ಇಂದಿನವರೆಗೂ ಬಹುಪಾಲು ಪ್ರಯೋಗಶಾಲೆಯಲ್ಲೇ ಇವೆ. ಅವುಗಳ ಬಗ್ಗೆ ಬರುವ ಲೇಖನಗಳೆಲ್ಲ 'ಅಗ್ಗವಾಗಬಲ್ಲದು', 'ಹಳ್ಳಿಗೂ ಒಯ್ಯಬಹುದು' ಎಂದೇ ಮುಗಿಯುತ್ತವೆ. ಹಳ್ಳಿಗೆ ಯಾರು ಒಯ್ಯುತ್ತಾರೆ ಎಂಬುದು ಅವುಗಳಲ್ಲಿರುವುದಿಲ್ಲ. ಒಯ್ದರೂ ನಮ್ಮ ಏಪ್ರಿಲ್ ಇದೆ. ಹೆಪ್ಪು ಬಿಸಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದನ್ನು ಮೊಸರು ಮಾಡುವವರಿಗೆ ಹೇಳಬೇಕಿಲ್ಲ. ಪರೀಕ್ಷೆಯ ರಕ್ತ 37 ಡಿಗ್ರಿಯಲ್ಲೇ ಇರಬೇಕು, ಹೊರಗೆ 42 ಇದ್ದರೂ.

ಕಲಬುರಗಿ ಬದಲಾಗಿದೆ. ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾದಾಗ ಈ ಭಾಗಕ್ಕೆ ಅದೊಂದೇ ದೊಡ್ಡ ಆಸರೆ. ಹೃದಯದ ಕಾಯಿಲೆಗೆ ಹೈದರಾಬಾದು, ಸೊಲ್ಲಾಪುರ ಎಂದು ಓಡುತ್ತಿದ್ದ ಕಾಲ ಹೋಗಿ, 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಇಲ್ಲಿಯೇ ಉದ್ಘಾಟನೆಯಾಯಿತು. ಆ ಸಂಖ್ಯೆ ನೋಡಿದರೆ ನಮ್ಮವರಿಗೆ 371(ಜೆ) ವಿಧಿ ನೆನಪಾಗದೆ ಇರದು. ಕಮಲಾಪುರ ತಾಲ್ಲೂಕಾಗಿದೆ. 2017ರಿಂದ ಬೀದರಿನ ರೈಲು ಅದರ ಮೂಲಕ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅಕ್ಕನ ಬಸ್ ಟಿಕೇಟಿಗೆ ದುಡ್ಡಿಲ್ಲ. ದಿನ ಮಾತ್ರ ಹೋಗುತ್ತದೆ. ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳು ಬಂದಿವೆ, ಅವಕ್ಕೆ ತಿಂಗಳ ಪರೀಕ್ಷೆ ಬೇಡ ಎಂದು ಯಾರೋ ಹೇಳಿದಾಗ ಅವಳಿಗೆ ಆಸೆಯಾಗಿತ್ತು. ಲೋಹದ ಕವಾಟದವರಿಗೆ ಅವು ಆಗುವುದಿಲ್ಲ. ಅಂಥದ್ದೊಂದು ಮಾತ್ರೆಯ ಪರೀಕ್ಷಾರ್ಥ ಬಳಕೆಯಲ್ಲಿ ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾದದ್ದರಿಂದ ಅದನ್ನು ನಡುವೆಯೇ ನಿಲ್ಲಿಸಿ, 2013ರಲ್ಲಿ ವರದಿ ಪ್ರಕಟಿಸಿದರು.

ಮಗಳೀಗ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಮೊದಲ ವರ್ಷದ ಉಳಿತಾಯದಲ್ಲಿ ತಾಯಿಗೆ ಬೆರಳು ಚುಚ್ಚಿ ನೋಡುವ ಡಬ್ಬಿ ಕೊಡಿಸಿದಳು. ಪಟ್ಟಿಯೊಂದಕ್ಕೆ ನೂರಾರು ರೂಪಾಯಿ. ಆದ್ದರಿಂದ ಅಕ್ಕ ಅದನ್ನು ಬಂಗಾರದ ಹಾಗೆ ಬೀರುವಿನಲ್ಲಿಟ್ಟು, ಒಂದು ತಿಂಗಳು ಡಬ್ಬಿ, ಒಂದು ತಿಂಗಳು ಬಸ್ಸು ಎಂದು ಲೆಕ್ಕ ಹಾಕಿಕೊಂಡಿದ್ದಾಳೆ. ಬಸ್ಸಿನ ತಿಂಗಳು ಬಂದಾಗ ನಮಗೆ ಕೆಂಪು ಬಾಳೆಹಣ್ಣು. ಪಟ್ಟಿ ಬೇಡದ ಪರೀಕ್ಷೆಯನ್ನು ಮಾತ್ರ ವಾರಕ್ಕೊಮ್ಮೆ ಮಾಡುತ್ತಾರೆ. ರಾತ್ರಿ ಫ್ಯಾನ್ ಆರಿಸಿ, ಅಕ್ಕ ಫೋನನ್ನು ಎದೆಯ ಮೇಲಿಟ್ಟುಕೊಳ್ಳುತ್ತಾಳೆ. ಅತ್ತ ಮಗಳು ಮಾತಾಡದೆ ಒಂದು ನಿಮಿಷ ಕೇಳಿ, 'ಸರಿ ಅದ, ಮಲಗು' ಎನ್ನುತ್ತಾಳೆ. ಹಳೆಯ ಎರಡುನೂರು ಪುಟದ ನೋಟ್‌ಬುಕ್ಕಿನಲ್ಲಿ 1997ರಿಂದ ಅವಳು ಬರೆದುಕೊಂಡು ಬಂದ ಅಂಕಿಗಳಿವೆ. ಮೊನ್ನೆ ಬಂದಾಗ ತೋರಿಸಿದಳು. ಕೊನೆಯ ಸಾಲಿನಲ್ಲಿ 2.8 ಇತ್ತು, ಪಕ್ಕದಲ್ಲಿ 'ಪುಂಡಿಪಲ್ಯ ಎರಡು ಸಲ' ಎಂದು ಸಣ್ಣ ಅಕ್ಷರ.